ಹೊಸಿಲು ಬೆಳೆದ ಮನೆ

ಒಂದು ಊರಿತ್ತು. ಹೆಸರು ಹೇಳೋದಿಲ್ಲ. ಹೇಳಿದರೆ ಆ ಊರಿನವರು ಯಾರಾದರೂ ಎದ್ದು ಬಂದು, ನಮ್ಮಲ್ಲಿ ಹಾಗಿಲ್ಲ ಕಣಮ್ಮಾ ಅಂತ ಜಗಳ ತೆಗೆಯುತ್ತಾರೆ. ಆ ಊರಲ್ಲಿ ಉಪ್ಪು ಅಗ್ಗ, ನೀರು ಅಗ್ಗ, ನಗು ಕೂಡ ಅಗ್ಗ. ತುಟ್ಟಿಯಾದದ್ದು ಒಂದೇ ಒಂದು. ಹೂಂ.

ಹೂಂ ಅನ್ನೋದು ಏನು ಮಹಾ ಅಂತೀರಿ? ಬಾಯಿ ತೆರೆಯುವ ಕೆಲಸವಿಲ್ಲ, ನಾಲಿಗೆ ಎತ್ತುವ ಕೆಲಸವಿಲ್ಲ. ತುಟಿ ಮುಚ್ಚಿಕೊಂಡೇ ಅನ್ನಬಹುದು, ರೊಟ್ಟಿ ತಟ್ಟುತ್ತಾ ಅನ್ನಬಹುದು, ಅರ್ಧ ನಿದ್ದೆಯಲ್ಲೂ ಅನ್ನಬಹುದು. ನಾವೆಲ್ಲ ದಿನಕ್ಕೆ ಎಷ್ಟು ಸಲ ಅಂತೀವೋ ಲೆಕ್ಕ ಇಟ್ಟವರು ಯಾರು? ಆದರೆ ಆ ಊರಲ್ಲಿ ಹೂಂ ಅಂದರೆ ಅಂದದ್ದೇ. ಯಾರಿಗೆ ಹೂಂ ಅಂದಿರೋ ಅವರು ನಿಮ್ಮ ಮನೆಯವರು. ಅಂದ ಮೇಲೆ ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ಕೂಸು ಹುಟ್ಟಿದರೆ ಅಜ್ಜಿ ಅದನ್ನು ಹೊಸಿಲ ಮೇಲೆ ಎತ್ತಿ ಹಿಡಿದು, "ಬಂದಿದೆ, ಬರಲಾ?" ಅನ್ನಬೇಕು. ಒಳಗಿನವರು ಹೂಂ ಅನ್ನಬೇಕು. ಸೊಸೆ ಬಂದರೆ ಹೊಸಿಲಾಚೆ ನಿಂತು, "ಬಂದಿದ್ದೀನಿ, ಬರಲಾ?" ಅನ್ನಬೇಕು. ಒಳಗಿನವರು ಹೂಂ ಅನ್ನಬೇಕು. ಕೂಸಿಗೆ ಅಂದ ಹೂಂ ಮಾತ್ರ ಕೂಸುತನ ಇರುವವರೆಗೆ. ಮಕ್ಕಳು ಬೆಳೆದು, ಅವರ ತಲೆ ಬಾಗಿಲ ಪಕ್ಕದ ದೀಪದ ಗೂಡಿಗೆ ಮುಟ್ಟಿದ ದಿನ, ಅವರು ಹೊರಗೆ ಹೋಗಿ ನಿಂತು ಬೀದಿಯೆಲ್ಲ ಕೇಳುವ ಹಾಗೆ, "ನಾನು ಇಂಥವಳು, ಬರಲಾ?" ಅನ್ನಬೇಕು. ಮನೆಯ ಯಜಮಾನ ಹೂಂ ಅನ್ನಬೇಕು.

ಅಂದರೆ ಸರಿ. ಅನ್ನದಿದ್ದರೆ ಹೊಸಿಲು ಬೆಳೆಯುತ್ತಿತ್ತು.

ನಿಜ ಕಣ್ರೀ. ಮರದ ಹೊಸಿಲು ಮರದ ಹಾಗೇ ಬೆಳೆಯುತ್ತಿತ್ತು. ಮೊದಲು ಪಾದದಷ್ಟು, ಆಮೇಲೆ ಮೊಣಕಾಲಷ್ಟು, ಆಮೇಲೆ ಸೊಂಟದಷ್ಟು. ಮೇಲಿನ ಪಟ್ಟಿಗೆ ಹೋಗಿ ಮುಟ್ಟಿದರೆ ಅಲ್ಲಿಗೆ ಮುಗಿಯಿತು, ಬಾಗಿಲು ಹೋಗಿ ಗೋಡೆ. ಹೊರಗೆ ಉಳಿದವರು ಗುಡ್ಡ ಹತ್ತಿ ಆಚೆ ಇಳಿಯುತ್ತಿದ್ದರು. ಒಳಗೆ ಉಳಿದವರು ಹಿತ್ತಲ ಬಾಗಿಲಲ್ಲಿ ಓಡಾಡುತ್ತಿದ್ದರು. ಆ ಊರಿನ ಬೀದಿಯಲ್ಲಿ ಅಲ್ಲಲ್ಲಿ ಅಂಥ ಗೋಡೆಗಳಿದ್ದವು. ಕೆಲವು ಗೋಡೆಗಳ ಮುಂದೆ ದಿನಾ ಬೆಳಿಗ್ಗೆ ಯಾರೋ ಒಬ್ಬ ತಾಯಿ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದಳು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಆ ಊರಲ್ಲಿ ಕಥೆ ಹೇಳುವವರು ಇರುತ್ತಾರಾ? ಕಥೆ ಅಂದ ಮೇಲೆ ಯಾರಾದರೂ ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕಥೆ ಹೆಜ್ಜೆ ಎತ್ತುವುದಿಲ್ಲ. ಇದು ಆ ಊರಲ್ಲಿ ಮಾತ್ರ ಅಲ್ಲ, ಎಲ್ಲ ಊರಲ್ಲೂ ಹೀಗೇ. ಹಿಂದೆ ಯಾವನೋ ಒಬ್ಬ ಹುಲಿಯ ಕಥೆ ಕೇಳುತ್ತಾ ನಿದ್ದೆಗಣ್ಣಲ್ಲಿ ಹೂಂ ಹೂಂ ಅಂದನಂತೆ. ಬೆಳಿಗ್ಗೆ ಎದ್ದು ನೋಡಿದರೆ ಹುಲಿ ಜಗಲಿಯಲ್ಲಿ ಕೂತು, "ಅಕ್ಕಾ, ಸಾರು ಆಯ್ತಾ?" ಅಂತ ಕೇಳಿತಂತೆ. ಅವತ್ತಿನಿಂದ ದೊಡ್ಡವರು ಕಥೆ ಕೇಳುವುದನ್ನೇ ಬಿಟ್ಟರು. ಹಾಲುಹಲ್ಲಿನ ಮಕ್ಕಳ ಹೂಂ ಮಾತ್ರ ಲೆಕ್ಕಕ್ಕಿರಲಿಲ್ಲ. ಅವರಿಗೆ ಅಜ್ಜಿಯರು ಸೆರಗಿನ ಮರೆಯಲ್ಲಿ, ಮೆಲ್ಲಗೆ, ಒಂದೆರಡು ಕಥೆ ಹೇಳುತ್ತಿದ್ದರು. ಮೊದಲ ಹಲ್ಲು ಬಿತ್ತೋ, ಕಥೆ ಬಂದ್.

ಆ ಊರಲ್ಲಿ ಹೊಸಿಲು ಕೆತ್ತುವವನು ಒಬ್ಬನಿದ್ದ. ಊರಿನ ಹೊಸಿಲುಗಳೆಲ್ಲ ಅವನ ಕೈಯವೇ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಕಿರಿಮಗಳಿಗೆ ಇನ್ನೂ ಹಾಲುಹಲ್ಲು. ಹಿರಿಮಗಳ ತಲೆ ದೀಪದ ಗೂಡಿಗೆ ಮುಟ್ಟಿತ್ತು.

ಹಿರಿಮಗಳ ಪಾದ ಹಿಂದುಮುಂದು. ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಹುಟ್ಟಿದಾಗಲೇ ಹಾಗೆ. ಅಜ್ಜಿ ಬಟ್ಟೆಯಲ್ಲಿ ಸುತ್ತಿ ಎತ್ತಿ ಹಿಡಿದು "ಬರಲಾ?" ಅಂದಿದ್ದಳು, ಎಲ್ಲರೂ ಮುಖ ನೋಡಿ ಹೂಂ ಅಂದಿದ್ದರು. ಆಮೇಲೆ ಅವ್ವ ನೆಲ ಗುಡಿಸುವಷ್ಟು ಉದ್ದದ ಲಂಗ ಹೊಲಿದು ಹೊಲಿದು ಆ ಪಾದಗಳನ್ನು ಬೀದಿಯ ಕಣ್ಣಿಂದ ಮುಚ್ಚಿ ಸಾಕಿದ್ದಳು. ಅಂಥ ಪಾದ ಇರುವುದು ದೆವ್ವಕ್ಕೆ ಅಂತ ಆ ಊರಿನ ನಂಬಿಕೆ. ದೆವ್ವಕ್ಕೆ ಹೂಂ ಅಂದವನ ಕೈಯಿಂದ ಹೊಸಿಲು ಕೆತ್ತಿಸುವವರು ಯಾರು? ಅಂಥ ಮನೆಯ ಕಿರಿಮಗಳು ನಾಳೆ ಸೊಸೆಯಾಗಿ ಯಾರ ಹೊಸಿಲಾಚೆ ನಿಂತರೂ ಹೂಂ ಅನ್ನುವವರು ಯಾರು?

ಹೊರಗೆ ನಿಂತು ಕೇಳುವ ಆ ಹೊಸಿಲು ಮಾತಿನ ದಿನ ಅಪ್ಪ ಮಗಳನ್ನು ಕೂರಿಸಿಕೊಂಡು ಹೇಳಿದ. "ನೋಡು ಮಗಾ, ಹೊರಗೆ ನಿಂತು 'ನಾನು ಎಲ್ಲರ ಹಾಗೆ' ಅನ್ನು. ಅಷ್ಟೇ. ನಾನು ತಟ್ಟಂತ ಹೂಂ ಅಂತೀನಿ. ಮುಗೀತು, ಪಾಯಸ ಕುಡಿಯೋಣ."

"ಸುಳ್ಳಿಗೆ ಹೂಂ ಅಂತೀಯಾ ಅಪ್ಪಾ?"

"ಸುಳ್ಳಲ್ಲ ಕಣೇ ಅದು. ಲಂಗ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯೆಲ್ಲ ಸೇರಿತು. ಮುಂದೆ ಊರಿನ ಮೊರಗಿವಿ ಯಜಮಾನ ನಿಂತಿದ್ದ. ಊರಿನ ಹೂಂಗಳಿಗೆಲ್ಲ ಸಾಕ್ಷಿ ಅವನೇ. ಹೂಂ ಕೇಳಿ ಕೇಳಿ ಅವನ ಕಿವಿ ಮೊರದಷ್ಟು ಅಗಲವಾಗಿತ್ತು. ಗಾಳಿ ಬಂದರೆ ಎರಡು ಕೈಯಲ್ಲೂ ಹಿಡಿದುಕೊಳ್ಳಬೇಕು, ಅಷ್ಟಗಲ.

ಹಿರಿಮಗಳು ಹೊಸಿಲು ದಾಟಿ ಹೊರಗೆ ನಿಂತಳು. ತಿರುಗಿದಳು. ಲಂಗವನ್ನು ಎರಡು ಕೈಯಲ್ಲೂ ಹಿಡಿದು ಕಣಕಾಲಿನವರೆಗೆ ಎತ್ತಿದಳು.

"ನಾನು ಎಲ್ಲರ ಹಾಗೆ ಅಲ್ಲ," ಅಂದಳು. "ನನ್ನ ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಈ ಕಾಲಲ್ಲೇ ಬಾವಿಯಿಂದ ನೀರು ಹೊತ್ತಿದ್ದೀನಿ. ಈ ಕಾಲಲ್ಲೇ ತಂಗಿಯನ್ನು ಎತ್ತಿ ಆಡಿಸಿದ್ದೀನಿ. ಅಪ್ಪಾ, ನಾನು ಇಂಥವಳು. ಬರಲಾ?"

ಬೀದಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. "ಅಯ್ಯಯ್ಯೋ, ಕಾಲು ನೋಡ್ರೇ!" ಅಂತ ಎದುರುಮನೆಯವಳು ಕೂಗಿದಳು. ಮೊರಗಿವಿ ಯಜಮಾನ ಕಿವಿಯನ್ನು ಬಾಗಿಲ ಕಡೆ ತಿರುಗಿಸಿದ.

ಅಪ್ಪ ಬಾಯಿ ತೆರೆದ. ಬೀದಿ ನೋಡಿದ. ಬಾಯಿ ಮುಚ್ಚಿದ.

ಹೊಸಿಲು ಒಂದು ಬೆರಳು ಬೆಳೆಯಿತು.

ಅವತ್ತಿನಿಂದ ಹಿರಿಮಗಳು ಜಗಲಿಯವಳಾದಳು. ಊಟವನ್ನು ಅವ್ವ ಹೊಸಿಲ ಮೇಲಿಂದ ದಾಟಿಸುತ್ತಿದ್ದಳು. ಹೊದಿಕೆಯನ್ನು ಅಜ್ಜಿ ಹೊಸಿಲ ಮೇಲಿಂದ ದಾಟಿಸುತ್ತಿದ್ದಳು. ಪ್ರತಿ ಸಂಜೆ ದೀಪದ ಹೊತ್ತಿಗೆ ಮಗಳು ಎದ್ದು ನಿಂತು, ಹೊಸಿಲ ಮೇಲೆ ಅಂಗೈ ಇಟ್ಟು, "ಅಪ್ಪಾ, ಬರಲಾ?" ಅನ್ನುತ್ತಿದ್ದಳು. ಅಪ್ಪ ಬಾಯಿ ತೆರೆಯುತ್ತಿದ್ದ, ಬಾಯಿ ಮುಚ್ಚುತ್ತಿದ್ದ. ಹೊಸಿಲು ಒಂದು ಬೆರಳು ಬೆಳೆಯುತ್ತಿತ್ತು.

ಒಂದು ದಿನ ಅವ್ವ ಪಿಸುಗುಟ್ಟಿದಳು. "ಹಿತ್ತಲಿಂದ ಬಂದುಬಿಡೇ. ಯಾರು ನೋಡ್ತಾರೆ? ಒಳಗೆ ಬೆಚ್ಚಗೆ ಮಲಗುವೆಯಂತೆ."

"ಹಿತ್ತಲಿಂದ ಬರೋಕೆ ನಾನೇನು ಬೆಕ್ಕಾ ಅವ್ವಾ?"

ಮುಂಬಾಗಿಲಲ್ಲಿ ಹೂಂ ಅನ್ನಿಸಿಕೊಳ್ಳದೆ ಒಳಗೆ ಬಂದವಳು ಮನೆಯಲ್ಲಿರಬಹುದು, ಮನೆಯವಳಾಗಲಾರಳು. ಅದು ತಾಯಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಎದುರುಮನೆಯವಳದ್ದು ದಿನಾ ಒಂದು ಕೊಂಕು. ಅವಳ ಮನೆಯ ಮುಂಬಾಗಿಲು ಎಂದೋ ಗೋಡೆಯಾಗಿತ್ತು. ಅವಳ ಗಂಡ ಮಗನಿಗೆ ಹೂಂ ಅನ್ನಲಿಲ್ಲ, ಮಗ ಗುಡ್ಡದಾಚೆ ಹೋದ, ಹಿಂದೆಯೇ ಗಂಡನೂ ಕಣ್ಣುಮುಚ್ಚಿದ. ಗೋಡೆಯ ಮುಂದೆ ನೆಲ ಗುಡಿಸುತ್ತಾ ಅವಳು ಈ ಹುಡುಗಿಯ ಹೆಜ್ಜೆ ಗುರುತು ನೋಡಿ ಪೊರಕೆ ಎತ್ತುತ್ತಿದ್ದಳು. "ಏನೇ ಇದು? ಬಾವಿಗೆ ಹೋದ್ಯೋ, ಬಾವಿಯಿಂದ ಬಂದ್ಯೋ? ನಿನ್ನ ಹೆಜ್ಜೆ ನೋಡಿ ಹುಡುಕಿಕೊಂಡು ಹೊರಟವರು ಅವರ ಮನೆಗೇ ಹೋಗಿ ಸೇರ್ತಾರೆ."

"ಒಳ್ಳೇದೇ ಆಯ್ತಲ್ಲ ಅತ್ತೆ, ದಾರಿ ತಪ್ಪಲ್ಲ."

"ಕಾಲು ಹಿಂದಕ್ಕಿದ್ರೂ ಬಾಯಿ ಮಾತ್ರ ಮುಂದಕ್ಕಿದೆ ನೋಡು ಇವಳಿಗೆ!"

ಹೊಸಿಲು ಮೊಣಕಾಲು ದಾಟಿತು. ಕಿರಿಮಗಳಿಗೆ ಅಕ್ಕನ ಪಕ್ಕ ಮಲಗದೆ ನಿದ್ದೆ ಬಾರದು. ಒಂದು ಸಂಜೆ ಹೊಸಿಲ ಒಳಗಡೆ ಚಾಪೆ ಹಾಸಿಕೊಂಡು, ಹೊಸಿಲಿಗೆ ಕೆನ್ನೆ ಒತ್ತಿ, "ಅಕ್ಕಾ, ಕಥೆ ಹೇಳು," ಅಂತ ರಂಪ ಮಾಡಿತು. ಹಿರಿಮಗಳಿಗೆ ಅಜ್ಜಿ ಹೇಳಿದ್ದ ಕಥೆಗಳು ಹಾಲುಹಲ್ಲಿನ ಜೊತೆಗೇ ಬಿದ್ದುಹೋಗಿದ್ದವು. ಅವಳು ಹೊಸದೊಂದು ಶುರು ಮಾಡಿದಳು.

"ಬೆಟ್ಟದ ಮೇಲೆ ಒಂದು ಕೋಟೆ."

"ಹೂಂ."

"ಬೆಟ್ಟದ ಕೆಳಗೆ ಒಂದು ಕರಡಿಮರಿ."

"ಹೂಂ."

"ಚಳಿ ಅಂದ್ರೆ ಚಳಿ. ಮರಿಯ ಮೂತಿಯಲ್ಲಿ ಮೆತ್ತಿದ್ದ ಜೇನು ಕೂಡ ಗಟ್ಟಿಯಾಗಿಬಿಡ್ತು. ಮರಿ ಬೆಟ್ಟ ಹತ್ತಿ ಕೋಟೆಯ ಬಾಗಿಲು ಬಡೀತು. ಬಾಗಿಲು ಕಾಯುವವನೇ, ಬಾಗಿಲು ತೆಗಿ, ಅಂತು."

"ಹೂಂ."

"ಅವನು ತೆಗೀಲಿಲ್ಲ."

ತಂಗಿ ಹೂಂ ಅನ್ನಲಿಲ್ಲ. "ಯಾಕೆ ತೆಗೀಲಿಲ್ಲ?"

"ಯಾಕೆ ಅಂದ್ರೆ, ಕೆಟ್ಟವನು. ಅದಕ್ಕೆ."

"ಊಹೂಂ."

"ಕಲ್ಲೆದೆಯವನು ಕಣೇ."

"ಊಹೂಂ, ಬೇರೆ ಏನೋ ಇದೆ. ನೀನು ಹೇಳ್ತಿಲ್ಲ."

ಹೂಂ ಇದ್ದರೆ ಕಥೆ ಒಂದು ಹೆಜ್ಜೆ ಮುಂದೆ. ಊಹೂಂ ಬಂದರೆ ಕಥೆ ಅಲ್ಲೇ ಕೂತುಬಿಡುತ್ತದೆ. ಹಿರಿಮಗಳು ಎಷ್ಟು ಎಬ್ಬಿಸಿದರೂ ಅದು ಏಳಲಿಲ್ಲ. ಮರುಸಂಜೆ ಬೇರೆ ಕಥೆ ಹೇಳೋಣ ಅಂತ ಬಾಯಿ ತೆರೆದರೆ ಬಂದದ್ದು ಅದೇ ಕೋಟೆ, ಅದೇ ಮರಿ, ಅದೇ ಬಾಗಿಲು. ಅವನು ಕುಡುಕ ಅಂದಳು, ಊಹೂಂ. ಕಿವುಡ ಅಂದಳು, ಊಹೂಂ. ರಾಜ ತೆಗೀಬೇಡ ಅಂದಿದ್ದ ಅಂದಳು. ತಂಗಿ ಸ್ವಲ್ಪ ಯೋಚನೆ ಮಾಡಿ, "ಊಹೂಂ," ಅಂದು ಮಗ್ಗುಲಾಗಿ ಮಲಗಿತು.

ಕರಡಿಮರಿ ಬಾಗಿಲ ಮುಂದೆ ನಿಂತೇ ಇತ್ತು.

ಅದನ್ನು ಬೀದಿಯೂ ಕೇಳಿಸಿಕೊಂಡಿತ್ತು, ಗೊತ್ತಾಯ್ತಾ? ಸಂಜೆ ಹೊತ್ತು ಎಲ್ಲರೂ ಹಲ್ಲು ಕಚ್ಚಿಕೊಂಡು, ತುಟಿ ಬಿಗಿದುಕೊಂಡು, ಏನೋ ಕೆಲಸ ಇರುವವರ ಹಾಗೆ ಅವರವರ ಜಗಲಿಗೆ ಬರುತ್ತಿದ್ದರು. ಬಾಯಿತಪ್ಪಿ ಹೂಂ ಬಂದೀತು ಅಂತ ಒಬ್ಬ ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಂಡ. ಇನ್ನೊಬ್ಬಳು ನೀರು ತುಂಬಿಕೊಂಡು ಕೂತಳು, ಸೀನು ಬಂದು ಪಕ್ಕದವಳ ಮೇಲೆಲ್ಲ ಚಿಮ್ಮಿಸಿದಳು. ಹಗಲು ಮಾತ್ರ ಬಾವಿಯ ಹತ್ತಿರ ಅದೇ ಮಾತು.

"ಪಾಪ, ಆ ಮರಿಗೆ ತಾಯಿ ಇಲ್ವಾ?"

"ಇದ್ದಿದ್ರೆ ಅದು ಯಾಕೆ ಕೋಟೆ ಬಾಗಿಲಿಗೆ ಬರ್ತಿತ್ತು?"

"ಇದ್ದೂ ಬಂದಿರಬಹುದು ಕಣೇ. ಎಲ್ಲ ತಾಯಂದಿರ ಕೈಯಲ್ಲೂ ಬೀಗದ ಕೈ ಇರುತ್ತಾ?"

ಈ ಕೊನೆಯ ಮಾತು ಅಂದವಳು ಎದುರುಮನೆಯವಳು. ಅಂದು, ಕೊಡ ತುಂಬದಿದ್ದರೂ ಎತ್ತಿಕೊಂಡು ಹೊರಟುಹೋದಳು. ಮಾರನೆ ಬೆಳಿಗ್ಗೆ ಅವಳ ಗೋಡೆಯ ಮುಂದೆ ರಂಗೋಲಿಯ ನಡುವೆ ಒಂದು ಅಚ್ಚು ಬೆಲ್ಲ ಇತ್ತು.

"ಯಾರಿಗೆ ಅತ್ತೆ ಬೆಲ್ಲ?" ಹಿರಿಮಗಳು ಜಗಲಿಯಿಂದಲೇ ಕೇಳಿದಳು.

"ಇರುವೆಗೆ."

"ಅಚ್ಚು ಬೆಲ್ಲಾನಾ?"

"ದೊಡ್ಡ ಇರುವೆ. ನಿನಗ್ಯಾಕೆ? ನಿನ್ನ ಕೋಟೆ ನೀನು ನೋಡ್ಕೋ!"

ಹೊಸಿಲು ಸೊಂಟ ದಾಟಿತು. ಕಿರಿಮಗಳ ಮುಂದಿನ ಹಲ್ಲು ಅಲ್ಲಾಡತೊಡಗಿತು. ಅವ್ವ ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನೋಡುತ್ತಿದ್ದಳು. ಹಲ್ಲು ಬಿದ್ದರೆ ಹೂಂಗೆ ಲೆಕ್ಕ ಶುರು. ಆಮೇಲೆ ಆ ಮಗುವನ್ನು ಕಥೆಯ ಹತ್ತಿರ ಬಿಡುವ ಹಾಗಿಲ್ಲ. ಕರಡಿಮರಿಗೆ ಇದ್ದದ್ದು ಆ ಒಂದು ಅಲ್ಲಾಡುವ ಹಲ್ಲಿನಷ್ಟೇ ಕಾಲ.

ಒಂದು ಮಧ್ಯಾಹ್ನ ಊರೆಲ್ಲ ಉಂಡು ಮಲಗಿತ್ತು. ಬಿಸಿಲಿಗೆ ನಾಯಿ ಕೂಡ ಮಲಗಿತ್ತು. ಜಗಲಿಯಲ್ಲಿ ಒರಗಿದ್ದ ಹಿರಿಮಗಳಿಗೆ ಟಕ್, ಟಕ್ ಅಂತ ಸದ್ದು ಕೇಳಿಸಿತು. ಮೆಲ್ಲಗೆ ಎದ್ದು ಹೊಸಿಲ ಮೇಲಿಂದ ಬಗ್ಗಿ ನೋಡಿದಳು.

ಅಪ್ಪ ಒಳಗಡೆ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬಾಚಿ. ಹೊಸಿಲನ್ನು ಕೆತ್ತುತ್ತಿದ್ದ. ಒಂದು ಚಕ್ಕೆ ಎಬ್ಬಿಸಿದರೆ ಎರಡು ಚಕ್ಕೆಯಷ್ಟು ಮರ ಬೆಳೆಯುತ್ತಿತ್ತು. ಅವನು ಮತ್ತೆ ಕೆತ್ತುತ್ತಿದ್ದ. ಅಂಗೈಯೆಲ್ಲ ಬೊಬ್ಬೆ, ಬೆರಳ ಸಂದಿಯಲ್ಲಿ ಸಿಬಿರು. ಕೆತ್ತಿ ಕೆತ್ತಿ ಬಾಚಿ ಕೆಳಗಿಟ್ಟು, ಯಾರೂ ಇಲ್ಲದ ಗೋಡೆಯ ಕಡೆ ಮುಖ ಮಾಡಿ ಬಾಯಿ ತೆರೆದ. ಹೂಂ ಅನ್ನುವುದನ್ನು ಕಲಿಯುತ್ತಿರುವವನ ಹಾಗೆ ತುಟಿ ಕೂಡಿಸಿದ. ಅಷ್ಟರಲ್ಲಿ ಚಾಪೆಯ ಮೇಲೆ ಮಲಗಿದ್ದ ಕಿರಿಮಗಳು ಹೊರಳಿತು. ಅಪ್ಪ ಅದರ ಕಡೆ ನೋಡಿದ. ತುಟಿಯಲ್ಲಿ ಬಂದದ್ದು ಗಂಟಲಿಗೆ ಇಳಿಯಿತು. ಮತ್ತೆ ಬಾಚಿ ಎತ್ತಿಕೊಂಡ.

ಹಿರಿಮಗಳು ಸದ್ದಿಲ್ಲದೆ ಕೆಳಗೆ ಕೂತಳು. ಅವಳ ಬೆನ್ನಿನ ಹಿಂದೆ ಟಕ್, ಟಕ್ ಅನ್ನುತ್ತಲೇ ಇತ್ತು. ಇಷ್ಟು ದಿನ ಅವಳು ಕೋಟೆಯ ಬಾಗಿಲನ್ನು ಹೊರಗಿಂದ ಮಾತ್ರ ನೋಡಿದ್ದಳು, ಕರಡಿಮರಿಯ ಪಕ್ಕ ನಿಂತು. ಒಳಗಿಂದ ಅದು ಹೇಗೆ ಕಾಣುತ್ತದೆ ಅಂತ ನೋಡಿರಲಿಲ್ಲ.

ಅದೇ ದಿನ ರಾಗಿ ರೊಟ್ಟಿ ಕಚ್ಚುವಾಗ ಕಿರಿಮಗಳ ಹಲ್ಲು ಬಿತ್ತು.

ಸಂಜೆ ದೀಪ ಹಚ್ಚುವ ಹೊತ್ತು. ಹೊಸಿಲು ಎದೆಯ ಮಟ್ಟಕ್ಕೆ ಬಂದಿತ್ತು. ಬೀದಿಯವರೆಲ್ಲ ತುಟಿ ಬಿಗಿದುಕೊಂಡು ಜಗಲಿಗಳಲ್ಲಿ ಕೂತಿದ್ದರು. ಒಳಗೆ ಅವ್ವ ಕಿರಿಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬಾಯಿಗೆ ಅಂಗೈ ಮುಚ್ಚಿದ್ದಳು. ಮಗು ಕೈಯ ಹಿಂದಿನಿಂದ ಮುಂ ಮುಂ ಅಂತ ಒದ್ದಾಡುತ್ತಿತ್ತು. ಅಜ್ಜಿ ಗೋಡೆಗೆ ಒರಗಿದ್ದಳು. ಅಪ್ಪ ಕಂಬದ ಪಕ್ಕ ನಿಂತಿದ್ದ.

ಹಿರಿಮಗಳು ಎದ್ದು ಹೊಸಿಲ ಮೇಲೆ ಅಂಗೈ ಇಟ್ಟಳು. ಅವತ್ತು "ಬರಲಾ?" ಅನ್ನಲಿಲ್ಲ.

"ಬಾಗಿಲು ಕಾಯುವವನು ಕೆಟ್ಟವನಲ್ಲ," ಅಂದಳು.

ಹೂಂ ಅನ್ನುವವರಿಲ್ಲ. ಕಥೆ ಏಳುವುದೋ ಬೇಡವೋ ಅಂತ ನೋಡುತ್ತಿತ್ತು. ಅವಳು ಅದರ ಕೈ ಹಿಡಿದು ಎಳೆದಳು.

"ಅವನ ಬೆನ್ನ ಹಿಂದೆ, ಕೋಟೆಯ ಒಳಗೆ, ಒಂದು ತೊಟ್ಟಿಲಿತ್ತು. ತೊಟ್ಟಿಲ ಪಕ್ಕ ಒಂದು ಪುಟ್ಟ ದೀಪ. ಬಾಗಿಲು ತೆಗೆದ್ರೆ ಗಾಳಿ ನುಗ್ಗುತ್ತೆ, ದೀಪ ಆರಿಹೋಗುತ್ತೆ, ತೊಟ್ಟಿಲಿಗೆ ಕತ್ತಲಾಗುತ್ತೆ ಅಂತ ಅವನಿಗೆ ಎಲ್ಲರೂ ಹೇಳಿದ್ರು. ಹೊರಗೆ ಮರಿ ಬಡೀತಿತ್ತು. ಒಳಗೆ ದೀಪ ನಡುಗ್ತಿತ್ತು. ಅವನು ಅಗಳಿಯ ಮೇಲೆ ಕೈ ಇಟ್ಟ. ಕೈ ಹಿಂದಕ್ಕೆ ತೆಗೆದ. ಮತ್ತೆ ಇಟ್ಟ. ಮತ್ತೆ ತೆಗೆದ. ಹೀಗೆ ಇಟ್ಟು ಇಟ್ಟು ಅವನ ಅಂಗೈಗೆ ಬೊಬ್ಬೆ ಬಂತು. ಬಾಗಿಲಿನ ಈ ಕಡೆ ಮರಿಗೆ ಚಳಿ ಆಗ್ತಿತ್ತು. ಬಾಗಿಲಿನ ಆ ಕಡೆ ಅವನಿಗೂ ಚಳಿ ಆಗ್ತಿತ್ತು. ಅವನಿಗೂ ಯಾರಾದ್ರೂ ಬಂದು ಬಾಗಿಲು ತೆಗೀಲಿ ಅನ್ನಿಸ್ತಿತ್ತು."

"ಹೂಂ."

ಮೆಲ್ಲಗೆ ಬಂತು ಹೂಂ. ತುಟಿ ಮುಚ್ಚಿಕೊಂಡೇ ಬಂತು. ನಿಂತಿದ್ದ ಕಂಬವೇ ಅಂದಿತೇನೋ ಅನ್ನುವ ಹಾಗೆ ಬಂತು. ಅಂದವನಿಗೇ ತಾನು ಅಂದೆ ಅಂತ ಗೊತ್ತಿರಲಿಲ್ಲ. ಎಲ್ಲರೂ ತನ್ನ ಕಡೆ ನೋಡಿದಾಗಲೇ ಅಪ್ಪ ಗಾಬರಿಯಾಗಿ ಬಾಯಿ ಮುಟ್ಟಿ ನೋಡಿಕೊಂಡದ್ದು.

ಮೊರಗಿವಿ ಯಜಮಾನ ಕಿವಿ ಎರಡನ್ನೂ ಹಿಡಿದುಕೊಂಡು ಬೀದಿ ದಾಟಿ ಬಂದ. "ಕೇಳಿಸ್ತು! ನನಗೆ ಕೇಳಿಸ್ತು! ಯಾರಿಗಯ್ಯಾ ಅಂದೆ ಹೂಂ? ಮಗಳಿಗೋ, ಕಥೆಗೋ?"

ಬೀದಿಯಲ್ಲಿ ಗುಜುಗುಜು ಎದ್ದಿತು. ಕಥೆಗೆ ಅಂದದ್ದು, ಅದು ಕೆಲಸಕ್ಕೆ ಬಾರದು ಅಂದರು ಕೆಲವರು. ಕಥೆಗೆ ಅಂದರೂ ಅಂದದ್ದು ಅಂದದ್ದೇ, ಹುಲಿಗೆ ಅಂದದ್ದು ನಡೆದಿತ್ತಲ್ಲ ಅಂದರು ಕೆಲವರು. ಹಾಗಾದರೆ ಕರಡಿ ಬರುತ್ತೆ ಅಂತ ಒಬ್ಬ ಎದ್ದು ತನ್ನ ಕೋಳಿಗಳನ್ನು ಒಳಗೆ ಓಡಿಸಿದ.

"ನಿಲ್ಲಿಸ್ರೋ ನಿಮ್ಮ ನ್ಯಾಯಾನ!" ಎದುರುಮನೆಯವಳು ಪೊರಕೆ ಹಿಡಿದುಕೊಂಡೇ ಬೀದಿಯ ನಡುವೆ ಬಂದು ನಿಂತಳು. "ಮರಿ ಚಳಿಯಲ್ಲಿ ನಿಂತಿದೆ, ಇವರಿಗೆ ನ್ಯಾಯ ಬೇಕಂತೆ. ಮೊದಲು ಆ ಬಾಗಿಲು ತೆಗೆಯುತ್ತೋ ಇಲ್ವೋ ಹೇಳ್ಲಿ. ನಾನು ಎಷ್ಟು ದಿನ ಅಂತ ನಿದ್ದೆಗೆಡಲಿ?"

ಯಜಮಾನ ಅವಳ ಕಡೆ ನೋಡದೆ ಹೊಸಿಲ ಮೇಲಿಂದ ತಲೆ ತೂರಿಸಿದ. ದನಿ ತಗ್ಗಿಸಿದ. "ನೋಡಪ್ಪಾ, ನೀನು ನಮ್ಮ ಊರಿಗೆ ಬೇಕಾದವನು. ಬಾಯಿತಪ್ಪಿ ಬಂತು ಅನ್ನು. ಒಂದು ಮಾತು. ನಾನು ಕೇಳಿಸಲಿಲ್ಲ ಅಂತೀನಿ. ನಿನ್ನ ಕೆಲಸ ಉಳಿಯುತ್ತೆ, ಕಿರಿಮಗಳಿಗೆ ಮನೆ ಸಿಗುತ್ತೆ."

ಅಪ್ಪ ಕಿರಿಮಗಳ ಕಡೆ ನೋಡಿದ. ಅವ್ವನ ಅಂಗೈ ಮೇಲಿಂದ ಎರಡು ಕಣ್ಣು ಪಿಳಿಪಿಳಿ ಅವನನ್ನೇ ನೋಡುತ್ತಿದ್ದವು. ಹಿರಿಮಗಳ ಕಡೆ ನೋಡಿದ. ಹೊಸಿಲ ಮೇಲೆ ಅವಳ ಮುಖ, ಹೆಗಲು, ಎರಡು ಅಂಗೈ ಮಾತ್ರ ಕಾಣುತ್ತಿದ್ದವು. ಅವಳು ಬೇಡಲೂ ಇಲ್ಲ, ಅಳಲೂ ಇಲ್ಲ. ಕಥೆ ಹೇಳುವವರು ಹೂಂಗೆ ಕಾಯುವ ಹಾಗೆ ಕಾಯುತ್ತಿದ್ದಳು.

"ಬಾಯಿತಪ್ಪಿತು, ನಿಜ," ಅಂದ ಅಪ್ಪ.

ಯಜಮಾನ ನಿಟ್ಟುಸಿರು ಬಿಟ್ಟ. ಅವ್ವ ಕಣ್ಣು ಮುಚ್ಚಿದಳು.

"ಇವತ್ತಲ್ಲ ಯಜಮಾನರೇ. ಅವತ್ತು. ಇವಳು ಹೊರಗೆ ನಿಂತು 'ಬರಲಾ' ಅಂದಾಗ ಸುಮ್ಮನಿತ್ತಲ್ಲ, ಅವತ್ತು ತಪ್ಪಿದ್ದು ಈ ಬಾಯಿ. ಇವತ್ತು ದಾರಿಗೆ ಬಂತು."

ಆಮೇಲೆ ಅವನು ಕಂಬ ಬಿಟ್ಟು ಮುಂದೆ ಬಂದ. ಬೊಬ್ಬೆಯೆದ್ದ ಅಂಗೈಗಳನ್ನು ಮಗಳ ಅಂಗೈಗಳ ಪಕ್ಕ ಹೊಸಿಲ ಮೇಲೆ ಇಟ್ಟ. ಬೀದಿಯೆಲ್ಲ ಕೇಳುವ ಹಾಗೆ, ಬಾಯಿ ತುಂಬಾ ಅಂದ.

"ಹೂಂ ಕಣವ್ವಾ. ನಿನಗೂ ಹೂಂ. ನಿನ್ನ ಹಿಮ್ಮಡಿಗೂ ಹೂಂ, ಬೆರಳಿಗೂ ಹೂಂ. ಬಾ ಒಳಗೆ."

ಕಿರಿಮಗಳು ಅವ್ವನ ಕೈ ಕಚ್ಚಿ ಬಿಡಿಸಿಕೊಂಡು, ಹಲ್ಲು ಬಿದ್ದ ಸಂದಿಯಿಂದ ಗಾಳಿ ಬಿಡುತ್ತಾ, "ನಂದೂ ಹೂಂ! ಲೆಕ್ಕದ ಹೂಂ!" ಅಂತ ಕೂಗಿತು. ಅದರ ಮೊದಲ ಲೆಕ್ಕದ ಹೂಂ ಅಕ್ಕನಿಗೆ ಹೋಯಿತು.

ಎಲ್ಲರೂ ಹೊಸಿಲ ಕಡೆ ನೋಡಿದರು. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಅಂತ ನೋಡಿದರು. ಹೊಸಿಲು ಇಳಿಯಲಿಲ್ಲ. ಎದೆಯ ಮಟ್ಟಕ್ಕೆ ಹಾಗೇ ನಿಂತಿತ್ತು.

"ನೋಡಿದ್ರಾ?" ಯಜಮಾನ ಬೀದಿಗೆ ತಿರುಗಿದ. "ಮರ ಒಪ್ಪಲಿಲ್ಲ. ಹೊತ್ತು ಮೀರಿದ ಹೂಂ ಅದು."

ಹಿರಿಮಗಳು ನಕ್ಕಳು. ಅದು ಎಂಥ ನಗು ಅಂತೀರಿ, ಎಷ್ಟೋ ದಿನದಿಂದ ಜಗಲಿಯಲ್ಲಿ ಕಟ್ಟಿಟ್ಟಿದ್ದ ನಗು. "ಮರದ ಹೂಂ ಯಾರಿಗೆ ಬೇಕು ಯಜಮಾನರೇ?" ಅಂದವಳೇ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲವಾಡ ಹಿಡಿದು, ಆ ಪಾದಗಳನ್ನು ಮರಕ್ಕೆ ಒತ್ತಿ ಒತ್ತಿ ಹತ್ತಿದಳು. ಹತ್ತಿ, ಹೊಸಿಲ ಮೇಲೆ ಕೂತುಬಿಟ್ಟಳು.

ಹೊಸಿಲ ಮೇಲೆ ಕೂರೋದು ಅಂದರೆ! ಆ ಊರಲ್ಲಿ ಬಿಡಿ, ಯಾವ ಊರಲ್ಲಿ ತಾನೇ ಕೂರಲು ಬಿಡುತ್ತಾರೆ? ಬೀದಿಯಲ್ಲಿದ್ದ ಮುದುಕಿಯರೆಲ್ಲ ಒಟ್ಟಿಗೇ "ಏಯ್!" ಅಂದರು. ಅಪ್ಪನ ಬಾಯಲ್ಲೂ, "ಇಳಿಯೇ, ಹೊಸಿಲ ಮೇಲೆ ಕೂರ್ತಾರೇನೇ," ಅಂತ ಅಭ್ಯಾಸದ ಮಾತು ಅರ್ಧ ಬಂತು. ಉಳಿದರ್ಧ ಬರುವ ಮೊದಲು ಮಗಳು ಕೈ ಚಾಚಿದಳು.

ಅಪ್ಪ ಆ ಕೈ ನೋಡಿದ. ಮರವನ್ನು ಬೆರಳ ಗೆಣ್ಣಿಂದ ಎರಡು ಸಲ ತಟ್ಟಿ ನೋಡಿದ. "ಹಲಸು. ಭಾರ ತಡೆಯುತ್ತೆ," ಅಂದ. ಮೊಣಕಾಲು ತರಚಿಕೊಂಡು, ಏದುಸಿರು ಬಿಡುತ್ತಾ ಹತ್ತಿ ಮಗಳ ಪಕ್ಕ ಕೂತ.

ಆಮೇಲೆ ಕಿರಿಮಗಳನ್ನು ಎಳೆದುಕೊಂಡರು. ಅವ್ವ ಸೆರಗು ಬಿಗಿದು ಹತ್ತಿದಳು. ಅಜ್ಜಿಗೆ ಕೈಲಾಗದು. ಅಪ್ಪ ಮೇಲಿಂದ ಎತ್ತಿದ, ಎದುರುಮನೆಯವಳು ಹೊಸಿಲಾಚೆಯಿಂದ ಬಗ್ಗಿ ಸೊಂಟಕ್ಕೆ ಕೈ ಕೊಟ್ಟಳು. ಅಜ್ಜಿ ಮೇಲೆ ಕೂತು ಕಾಲು ಇಳಿಬಿಟ್ಟು, "ಅಬ್ಬಾ, ಇಲ್ಲಿಂದ ಊರು ಚೆನ್ನಾಗಿ ಕಾಣುತ್ತಲ್ಲೋ," ಅಂದಳು. ಬಾಗಿಲ ತುಂಬಾ ಮನೆಯವರು. ಒಬ್ಬರ ಕಾಲು ಒಳಗೆ, ಒಬ್ಬರ ಕಾಲು ಹೊರಗೆ. ಯಾರು ಒಳಗಿನವರು, ಯಾರು ಹೊರಗಿನವರು ಅಂತ ಸಾಕ್ಷಿ ಹೇಳಲು ಯಜಮಾನನಿಗೂ ಆಗಲಿಲ್ಲ.

"ಸ್ವಲ್ಪ ಸರಿದು ಕೂತ್ಕೊಳ್ರೇ," ಅಂದಳು ಎದುರುಮನೆಯವಳು. "ನನಗೂ ಒಂದು ಗೇಣು ಜಾಗ ಬಿಡಿ. ಹೂಂ, ಆಮೇಲೆ ಏನಾಯ್ತು ಹೇಳೇ ತಾಯಿ."

ತಾನು ಹೂಂ ಅಂದದ್ದು ಅವಳಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಳ್ಳಲಿಲ್ಲ.

"ಆಮೇಲೆ," ಅಂದಳು ಹಿರಿಮಗಳು, "ಬಾಗಿಲು ಕಾಯುವವನು ಅಗಳಿ ತೆಗೆದ."

"ಹೂಂ," ಅಂದ ಅಪ್ಪ.

"ಗಾಳಿ ನುಗ್ಗಿತು. ದೀಪ ಬಗ್ಗಿತು."

"ಹೂಂ," ಅಂದಳು ಅವ್ವ.

"ಕರಡಿಮರಿ ದಡಬಡ ಒಳಗೆ ಬಂತು. ಬಂದು ಎಲ್ಲಿ ಕೂತ್ಕೊಳ್ತು ಗೊತ್ತಾ? ಗಾಳಿಗೂ ದೀಪಕ್ಕೂ ನಡುವೆ. ಬೆನ್ನು ತುಂಬಾ ಕೂದಲು ಅದಕ್ಕೆ. ಒಂದು ಎಳೆ ಗಾಳಿ ದಾಟಲಿಲ್ಲ. ದೀಪ ನೆಟ್ಟಗಾಯ್ತು. ತೊಟ್ಟಿಲಲ್ಲಿದ್ದ ಕೂಸು ಕೈ ಚಾಚಿ ಮರಿಯ ಮೂತಿ ಮುಟ್ಟಿತು, ಬೆರಳಿಗೆ ಜೇನು ಅಂಟಿತು."

"ಹೂಂ," ಅಂದಿತು ಕಿರಿಮಗಳು. "ಅದನ್ನ ನೆಕ್ಕಿತಾ?"

"ನೆಕ್ಕದೆ ಬಿಡುತ್ತಾ?"

ಬೀದಿಯ ಜಗಲಿಗಳಿಂದ ಒಂದು ಹೂಂ ಬಂತು. ಆ ತುದಿಯಿಂದ ಇನ್ನೊಂದು ಬಂತು. ಬಾಯಲ್ಲಿ ಅಡಿಕೆ ಇಟ್ಟುಕೊಂಡಿದ್ದವನು ಅದನ್ನು ಉಗಿದು ಅಂದ. ಯಜಮಾನ ಎಷ್ಟು ಹೂಂಗೆ ಅಂತ ಸಾಕ್ಷಿ ಇರಲಿ? ಕಿವಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತ.

ಹೊಸಿಲ ಮೇಲೆ ಅಷ್ಟು ಜನ ಕೂತು ಹೂಂಗುಟ್ಟುತ್ತಿದ್ದರೆ, ಹಲಸಾದರೇನು, ಮರ ಎಷ್ಟು ಹೊತ್ತು ತಾನೇ ಬಿಗಿದುಕೊಂಡೀತು? ಅದು ಮೆಲ್ಲಗೆ, ಒಂದೊಂದು ಹೂಂಗೆ ಒಂದೊಂದು ಬೆರಳು ಇಳಿಯುತ್ತಾ ಹೋಯಿತು. ಎಲ್ಲರ ಪಾದ ನೆಲಕ್ಕೆ ತಾಗಿತು. ಮುಂದಕ್ಕಿದ್ದ ಪಾದಗಳೂ ತಾಗಿದವು, ಹಿಂದಕ್ಕಿದ್ದ ಪಾದಗಳೂ ತಾಗಿದವು. ಯಾರೂ ನೋಡಲಿಲ್ಲ. ಕೋಟೆಯ ಒಳಗೆ ಕೂಸಿಗೂ ಮರಿಗೂ ಜೇನಿಗಾಗಿ ಜಗಳ ಹತ್ತಿತ್ತು, ಎಲ್ಲರೂ ಅದನ್ನು ಕೇಳುತ್ತಿದ್ದರು.

ಅವರು ಕೇಳಿಕೊಂಡಿರಲಿ. ಒಲೆಯ ಮೇಲೆ ಹಾಲಿದೆ, ನಾನು ಏಳುತ್ತೇನೆ.